ರಕ್ತಹೀನತೆ ಮತ್ತು ಇಸ್ಕೀಮಿಕ್ ಪಾರ್ಶ್ವವಾಯು: ಕಾರ್ಯಕಾರಣ ಸಂಬಂಧದ ಒಂದು ವಿವೇಚನೆ

ಪೀಠಿಕೆ

ರಕ್ತಹೀನತೆ ಮತ್ತು ಪಾರ್ಶ್ವವಾಯು ಎಂಬ ಎರಡು ವ್ಯಾಧಿಗಳು ನಮ್ಮ ಸಮಾಜಕ್ಕೆ ಚಿರಪರಿಚಿತವಾಗಿದ್ದರೂ ಇವೆರಡನ್ನು ಒಟ್ಟಿಗೆ ಇರಿಸಿ ನೋಡುವ ರೂಢಿ ವಿರಳ. ರಕ್ತಹೀನತೆಯೆಂದರೆ ಗರ್ಭಿಣಿಯರು, ಬಾಣಂತಿಯರು ಹಾಗೂ ಬೆಳೆಯುವ ಮಕ್ಕಳಿಗೆ ಸಂಬಂಧಿಸಿದ ಪೋಷಣೆಯ ಸಮಸ್ಯೆ ಎಂದೂ, ಪಾರ್ಶ್ವವಾಯುವೆಂದರೆ ರಕ್ತದ ಏರೊತ್ತಡ, ಸಕ್ಕರೆ ಕಾಯಿಲೆ, ತಂಬಾಕು ಸೇವನೆ ಮೊದಲಾದ ಕಾರಣಗಳಿಂದ ವಯಸ್ಸಾದವರಿಗೆ ಒದಗುವ ಆಘಾತ ಎಂದೂ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ವೈದ್ಯಶಿಕ್ಷಣದಲ್ಲಿಯೂ ಮೊದಲನೆಯದು ರಕ್ತವಿಜ್ಞಾನದ ಅಧ್ಯಾಯಕ್ಕೆ ಸೇರಿದರೆ ಎರಡನೆಯದು ನರವಿಜ್ಞಾನದ ಅಧ್ಯಾಯಕ್ಕೆ ಸೇರುತ್ತದೆ. ಆದರೆ ಮಿದುಳನ್ನು ತಲಪುವುದು ಇದೇ ರಕ್ತವೇ ಆದುದರಿಂದ ರಕ್ತದ ಗುಣದಲ್ಲಿ ಉಂಟಾಗುವ ಕೊರತೆಯು ಮಿದುಳಿನ ಭವಿಷ್ಯವನ್ನು ಹೇಗೆ ಪ್ರಭಾವಿಸುತ್ತದೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಭಾರತದ ಸಂದರ್ಭದಲ್ಲಿ ಈ ಪ್ರಶ್ನೆಗೆ ವಿಶೇಷ ಮಹತ್ತ್ವವಿದೆ. 2019ರಿಂದ 2021ರ ಅವಧಿಯಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷ ವಯಸ್ಸಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೂ ಅದೇ ವಯಸ್ಸಿನ ಪುರುಷರಲ್ಲಿ ಶೇ. 25ರಷ್ಟು ಮಂದಿಗೂ ರಕ್ತಹೀನತೆ ಇತ್ತು. ಕರ್ನಾಟಕದ ಮಹಿಳೆಯರಲ್ಲಿ ಈ ಪ್ರಮಾಣ ಶೇ. 47.8. ಇಷ್ಟು ವ್ಯಾಪಕವಾದ ಸ್ಥಿತಿಯೊಂದು ಪಾರ್ಶ್ವವಾಯುವಿನ ಅಪಾಯವನ್ನು ಅಲ್ಪಸ್ವಲ್ಪ ಹೆಚ್ಚಿಸಿದರೂ ಸಮಾಜದ ಮಟ್ಟದಲ್ಲಿ ಅದರ ಪರಿಣಾಮ ದೊಡ್ಡದಾಗಿರುತ್ತದೆ. ಹಾಗೆಂದು ರಕ್ತಹೀನತೆಯನ್ನು ನೇರವಾಗಿ ಪಾರ್ಶ್ವವಾಯುವಿನ ಕಾರಣಗಳ ಪಟ್ಟಿಗೆ ಸೇರಿಸಿಬಿಡುವುದೂ ಸರಿಯಾಗದು. ಈ ಎರಡರ ನಡುವಿನ ಸಂಬಂಧ ಯಾವ ಯಾವ ಮಾರ್ಗಗಳಲ್ಲಿ ಏರ್ಪಡುತ್ತದೆ, ಅದರಲ್ಲಿ ಕಾರಣವೆಷ್ಟು ಸಹವಾಸವೆಷ್ಟು, ಹಿಮೋಗ್ಲೋಬಿನ್ನಿನ ಪ್ರಮಾಣವನ್ನು ಏರಿಸಿದ ಮಾತ್ರಕ್ಕೆ ಅಪಾಯ ತಗ್ಗುತ್ತದೆಯೇ ಎಂಬ ವಿಷಯಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಪರಿಭಾಷೆಯ ಸ್ಪಷ್ಟನೆ

ರಕ್ತದ ಕೆಂಪುಕಣಗಳಲ್ಲಿರುವ ಹಿಮೋಗ್ಲೋಬಿನ್ ಎಂಬ ಕಬ್ಬಿಣಯುಕ್ತ ಪ್ರೋಟೀನಿನ ಪ್ರಮಾಣವು ವಯಸ್ಸು ಮತ್ತು ಲಿಂಗಗಳಿಗೆ ತಕ್ಕ ಮಟ್ಟಕ್ಕಿಂತ ಕಡಿಮೆಯಾಗಿರುವ ಸ್ಥಿತಿಯೇ ರಕ್ತಹೀನತೆ. ವಿಶ್ವ ಆರೋಗ್ಯ ಸಂಸ್ಥೆಯು 1968ರಲ್ಲಿ ಸೂಚಿಸಿದ ಮಾನದಂಡದಂತೆ ಪ್ರತಿ ಡೆಸಿಲೀಟರ್ ರಕ್ತದಲ್ಲಿ ವಯಸ್ಕ ಪುರುಷರಿಗೆ 13 ಗ್ರಾಂ, ಗರ್ಭಿಣಿಯರಲ್ಲದ ಮಹಿಳೆಯರಿಗೆ 12 ಗ್ರಾಂ ಹಿಮೋಗ್ಲೋಬಿನ್ ಇರಬೇಕು. 2024ರಲ್ಲಿ ಸಂಸ್ಥೆಯು ಪ್ರಕಟಿಸಿದ ಪರಿಷ್ಕೃತ ಮಾರ್ಗಸೂಚಿಯಲ್ಲಿಯೂ ಈ ಎರಡು ಅಂಕಿಗಳು ಉಳಿದುಕೊಂಡಿವೆ. ಗರ್ಭಿಣಿಯರಿಗೆ ಮೊದಲ ಮತ್ತು ಕೊನೆಯ ತ್ರೈಮಾಸಿಕಗಳಲ್ಲಿ 11 ಗ್ರಾಂ, ನಡುವಿನ ತ್ರೈಮಾಸಿಕದಲ್ಲಿ 10.5 ಗ್ರಾಂ ಎಂದು ನಿಗದಿಪಡಿಸಲಾಗಿದೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ರಕ್ತಹೀನತೆ ಎಂಬುದು ಸ್ವತಃ ಒಂದು ರೋಗದ ಹೆಸರಲ್ಲ. ಜ್ವರವು ಹಲವು ರೋಗಗಳ ಲಕ್ಷಣವಾಗಿರುವಂತೆ ರಕ್ತಹೀನತೆಯೂ ಹಲವು ರೋಗಗಳ ಲಕ್ಷಣ. ಕಬ್ಬಿಣದ ಕೊರತೆ, ಬಿ12 ಜೀವಸತ್ತ್ವ ಅಥವಾ ಫೋಲಿಕ್ ಆಮ್ಲದ ಕೊರತೆ, ಕರುಳು ಹಾಗೂ ಜಠರದಲ್ಲಿ ಗುಪ್ತವಾಗಿ ಆಗುವ ರಕ್ತಸ್ರಾವ, ಮೂತ್ರಪಿಂಡಗಳ ದೀರ್ಘಕಾಲಿಕ ರೋಗ, ಅರ್ಬುದ, ದೀರ್ಘಕಾಲದ ಉರಿಯೂತ, ಆನುವಂಶಿಕ ಹಿಮೋಗ್ಲೋಬಿನ್ ದೋಷಗಳು ಇವೆಲ್ಲವೂ ಪ್ರಯೋಗಾಲಯದ ವರದಿಯಲ್ಲಿ ಒಂದೇ ಬಗೆಯ ಕಡಿಮೆ ಅಂಕಿಯಾಗಿ ಕಾಣಿಸಿಕೊಳ್ಳಬಹುದು. ಮುಂದಿನ ವಿವೇಚನೆಯೆಲ್ಲ ಈ ಅಂಶವನ್ನೇ ಆಧರಿಸಿದೆ.

ಪಾರ್ಶ್ವವಾಯುವಿನಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಮಿದುಳಿನೊಳಗೆ ಅಥವಾ ಅದರ ಹೊದಿಕೆಯ ನಡುವೆ ರಕ್ತನಾಳ ಒಡೆದು ರಕ್ತಸ್ರಾವವಾಗುವುದು ಒಂದು ಬಗೆ. ಮಿದುಳಿಗೆ ರಕ್ತ ಒಯ್ಯುವ ಧಮನಿಯು ಹೆಪ್ಪಿನಿಂದ ಮುಚ್ಚಿಹೋಗಿ ಅಥವಾ ತೀರ ಕಿರಿದಾಗಿ, ಅದನ್ನು ಅವಲಂಬಿಸಿದ ಭಾಗಕ್ಕೆ ರಕ್ತಪೂರೈಕೆ ಕಡಿದುಹೋಗುವುದು ಇನ್ನೊಂದು ಬಗೆ. ಈ ಎರಡನೆಯದನ್ನೇ ಇಸ್ಕೀಮಿಕ್ ಪಾರ್ಶ್ವವಾಯು ಎನ್ನಲಾಗುತ್ತದೆ. ಜಗತ್ತಿನಾದ್ಯಂತ ಸಂಭವಿಸುವ ಪಾರ್ಶ್ವವಾಯುಗಳಲ್ಲಿ ಐದನೆಯ ಮೂರು ಭಾಗಕ್ಕೂ ಹೆಚ್ಚು ಈ ಬಗೆಯವು.

ಆಮ್ಲಜನಕದ ಲೆಕ್ಕಾಚಾರ

ಮನುಷ್ಯನ ಮಿದುಳು ದೇಹತೂಕದ ಶೇ. 2ರಷ್ಟು ಮಾತ್ರ ಇದ್ದರೂ ವಿಶ್ರಾಂತಿಯ ಸ್ಥಿತಿಯಲ್ಲಿ ದೇಹ ಬಳಸುವ ಒಟ್ಟು ಆಮ್ಲಜನಕದಲ್ಲಿ ಸುಮಾರು ಶೇ. 20ರಷ್ಟನ್ನು ತಾನೊಂದೇ ಬಳಸುತ್ತದೆ. ಆಮ್ಲಜನಕವನ್ನು ಕೂಡಿಟ್ಟುಕೊಳ್ಳುವ ವ್ಯವಸ್ಥೆ ಅದಕ್ಕಿಲ್ಲ. ಕ್ಷಣಕ್ಷಣವೂ ಹರಿದುಬರುವ ರಕ್ತವನ್ನೇ ಅದು ನೆಚ್ಚಿಕೊಂಡಿದೆ. ಮಿದುಳಿನ ಪ್ರತಿ 100 ಗ್ರಾಂ ಅಂಗಾಂಶಕ್ಕೆ ನಿಮಿಷವೊಂದಕ್ಕೆ ಸರಾಸರಿ 50 ಮಿಲಿಲೀಟರಿನಷ್ಟು ರಕ್ತ ಹರಿಯುತ್ತದೆ. ಈ ಪ್ರಮಾಣ 20 ಮಿಲಿಲೀಟರಿನ ಆಸುಪಾಸಿಗೆ ಇಳಿದಾಗ ನರಕೋಶಗಳು ತಮ್ಮ ಕೆಲಸವನ್ನು ನಿಲ್ಲಿಸುತ್ತವೆ; 10 ಮಿಲಿಲೀಟರಿನ ಆಸುಪಾಸಿಗೆ ಇಳಿದಾಗ ಕೆಲವೇ ನಿಮಿಷಗಳಲ್ಲಿ ಸಾಯತೊಡಗುತ್ತವೆ.

ಆದರೆ ಅಂಗಾಂಶಕ್ಕೆ ದೊರೆಯುವ ಆಮ್ಲಜನಕವು ರಕ್ತದ ಹರಿವನ್ನಷ್ಟೇ ಅವಲಂಬಿಸಿಲ್ಲ. ಹರಿಯುವ ರಕ್ತ ಎಷ್ಟು ಆಮ್ಲಜನಕವನ್ನು ಹೊತ್ತು ತರುತ್ತದೆ ಎಂಬುದನ್ನೂ ಅವಲಂಬಿಸಿದೆ. ಒಂದು ಗ್ರಾಂ ಹಿಮೋಗ್ಲೋಬಿನ್ ಪೂರ್ಣ ಪರ್ಯಾಪ್ತವಾದಾಗ ಸುಮಾರು 1.34 ಮಿಲಿಲೀಟರ್ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಿಮೋಗ್ಲೋಬಿನ್ 15 ಗ್ರಾಂ ಇರುವ ವ್ಯಕ್ತಿಯ ಪ್ರತಿ ಡೆಸಿಲೀಟರ್ ಧಮನಿರಕ್ತದಲ್ಲಿ ಸುಮಾರು 20 ಮಿಲಿಲೀಟರ್ ಆಮ್ಲಜನಕವಿದ್ದರೆ 7.5 ಗ್ರಾಂ ಇರುವ ವ್ಯಕ್ತಿಯ ರಕ್ತದಲ್ಲಿ ಅದರ ಅರ್ಧದಷ್ಟು ಮಾತ್ರ ಇರುತ್ತದೆ.

ಆರೋಗ್ಯವಂತ ರಕ್ತನಾಳಗಳುಳ್ಳವರಲ್ಲಿ ಈ ಕೊರತೆಯನ್ನು ದೇಹ ಬಹುಮಟ್ಟಿಗೆ ಸರಿದೂಗಿಸಿಕೊಳ್ಳುತ್ತದೆ. ಹೃದಯ ಹೆಚ್ಚು ರಕ್ತವನ್ನು ದೂಡುತ್ತದೆ, ಮಿದುಳಿನ ಸಣ್ಣ ಧಮನಿಗಳು ಹಿಗ್ಗುತ್ತವೆ, ರಕ್ತದ ಸ್ನಿಗ್ಧತೆ ಕಡಿಮೆಯಾಗುವುದರಿಂದ ಹರಿವು ಸರಾಗವಾಗುತ್ತದೆ, ಅಂಗಾಂಶಗಳು ರಕ್ತದಿಂದ ಎಂದಿಗಿಂತ ಹೆಚ್ಚಿನ ಪಾಲು ಆಮ್ಲಜನಕವನ್ನು ಹೀರಿಕೊಳ್ಳುತ್ತವೆ. ತೀವ್ರ ರಕ್ತಹೀನತೆಯಿರುವ ಎಷ್ಟೋ ಮಂದಿ ಆಯಾಸಪಡುತ್ತಲೇ ದುಡಿಮೆ ಮುಂದುವರಿಸಿಕೊಂಡು ಹೋಗುವುದು ಈ ಹೊಂದಾಣಿಕೆಯ ಬಲದಿಂದಲೇ.

ಕೊರಳಿನ ಕೆರೋಟಿಡ್ ಧಮನಿಯೋ ಮಿದುಳಿನೊಳಗಿನ ದೊಡ್ಡ ಧಮನಿಯೋ ಕೊಬ್ಬಿನ ಗಡ್ಡೆಗಳಿಂದ ಕಿರಿದಾಗಿರುವವರ ಸ್ಥಿತಿ ಬೇರೆ. ಅಂಥವರಲ್ಲಿ ಅಡಚಣೆಯ ಆಚೆಗಿನ ಸಣ್ಣ ಧಮನಿಗಳು ಕೊರತೆಯನ್ನು ತುಂಬಿಕೊಳ್ಳಲು ಈಗಾಗಲೇ ಪೂರ್ತಿ ಹಿಗ್ಗಿರುತ್ತವೆ. ಮತ್ತೆ ಹಿಗ್ಗಲು ಅವಕ್ಕೆ ಅವಕಾಶ ಉಳಿದಿರುವುದಿಲ್ಲ. ಅದರ ಮೇಲೆ ರಕ್ತಹೀನತೆಯೂ ಬಂದರೆ ಎರಡು ದೊಡ್ಡ ಧಮನಿಗಳ ಕ್ಷೇತ್ರಗಳು ಸಂಧಿಸುವ ಗಡಿಭಾಗದ ಅಂಗಾಂಶವು ಹೊಸ ಹೆಪ್ಪಿಲ್ಲದೆಯೇ ಆಮ್ಲಜನಕದ ಕೊರತೆಗೆ ತುತ್ತಾಗಬಹುದು.

ಪಾರ್ಶ್ವವಾಯು ಸಂಭವಿಸಿದ ಹೊತ್ತಿನಲ್ಲಿಯೂ ಇದೇ ಲೆಕ್ಕ ಅನ್ವಯಿಸುತ್ತದೆ. ಧಮನಿ ಮುಚ್ಚಿದಾಗ ಕೇಂದ್ರಭಾಗದ ಅಂಗಾಂಶ ಬೇಗನೆ ಸಾಯುತ್ತದೆ. ಅದರ ಸುತ್ತ, ಕೆಲಸ ನಿಲ್ಲಿಸಿದ್ದರೂ ಇನ್ನೂ ಜೀವ ಹಿಡಿದುಕೊಂಡಿರುವ ಒಂದು ಪ್ರದೇಶವಿರುತ್ತದೆ. ಇದನ್ನು ಅರೆನೆರಳಿನ ವಲಯ ಎನ್ನಬಹುದು. ಅಕ್ಕಪಕ್ಕದ ಧಮನಿಗಳಿಂದ ಬರುವ ಅಲ್ಪ ರಕ್ತವೇ ಅದಕ್ಕೆ ಆಧಾರ. ದೊಡ್ಡ ಧಮನಿ ಮುಚ್ಚಿದ ಪಾರ್ಶ್ವವಾಯುವಿನಲ್ಲಿ ಚಿಕಿತ್ಸೆಯಿಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೂ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆಂದು 2006ರಲ್ಲಿ ಅಂದಾಜು ಮಾಡಲಾಯಿತು. ಉಳಿಸಿಕೊಳ್ಳಬಹುದಾದ ಈ ವಲಯಕ್ಕೆ ಬರುವ ಅಲ್ಪ ರಕ್ತವೂ ಆಮ್ಲಜನಕದಲ್ಲಿ ಬಡವಾಗಿದ್ದರೆ ಅದು ಇನ್ನಷ್ಟು ಬೇಗ ಕುಗ್ಗುತ್ತದೆ ಎಂಬುದು ತರ್ಕಸಮ್ಮತ.

ಕಬ್ಬಿಣದ ಕೊರತೆ ಮತ್ತು ಹೆಪ್ಪುಗಟ್ಟುವಿಕೆ

ರಕ್ತಹೀನತೆಯಲ್ಲಿ ರಕ್ತ ತೆಳುವಾಗುವುದರಿಂದ ಹೆಪ್ಪುಗಟ್ಟುವ ಸಂಭವ ಕಡಿಮೆಯಾಗಬೇಕಲ್ಲವೇ ಎಂಬ ಶಂಕೆ ಬರುವುದು ಸಹಜ. ಕಬ್ಬಿಣದ ಕೊರತೆಯಲ್ಲಿ ಆಗುವುದು ಹಲವೊಮ್ಮೆ ಇದಕ್ಕೆ ವಿರುದ್ಧ. ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್‌ಗಳ ಸಂಖ್ಯೆ ಈ ಸ್ಥಿತಿಯಲ್ಲಿ ಏರುವುದುಂಟು. ಕಬ್ಬಿಣ ದೊರೆಯದ ಅಸ್ಥಿಮಜ್ಜೆಯಲ್ಲಿ ಕೆಂಪುಕಣಗಳ ಉತ್ಪಾದನೆ ಕುಂಠಿತವಾದಾಗ ಪ್ಲೇಟ್‌ಲೆಟ್‌ಗಳನ್ನು ರೂಪಿಸುವ ಕೋಶಗಳ ಕಡೆಗೆ ಬೆಳವಣಿಗೆ ವಾಲುತ್ತದೆ. ಜೊತೆಗೆ ವೇಗವಾಗಿ ಹರಿಯುವ ರಕ್ತದ ಪ್ರಕ್ಷುಬ್ಧತೆಯು ರಕ್ತನಾಳಗಳ ಒಳಪದರವನ್ನು ಕೆಣಕುತ್ತದೆ. ಕಬ್ಬಿಣದ ಕೊರತೆಯಿಂದ ಚಿಕ್ಕದಾದ ಕೆಂಪುಕಣಗಳು ತಮ್ಮ ಬಾಗುವ ಗುಣವನ್ನು ಸ್ವಲ್ಪ ಕಳೆದುಕೊಳ್ಳುತ್ತವೆ.

ಈ ಅಂಶಗಳಿಗೆ ಪೂರಕವಾದ ಕೆಲವು ಅಧ್ಯಯನಗಳನ್ನು ಉಲ್ಲೇಖಿಸಬಹುದು. ಕೆನಡಾದ ಟೊರಾಂಟೊದಲ್ಲಿ, ಅದುವರೆಗೆ ಆರೋಗ್ಯದಿಂದಿದ್ದು ಪಾರ್ಶ್ವವಾಯುವಿಗೆ ತುತ್ತಾದ 12ರಿಂದ 38 ತಿಂಗಳ ವಯಸ್ಸಿನ ಶಿಶುಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಲಾದ ಅಧ್ಯಯನದಲ್ಲಿ, ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಕಬ್ಬಿಣದ ಕೊರತೆಯ ರಕ್ತಹೀನತೆಯಿತ್ತು. ಹೋಲಿಕೆಗೆ ಆಯ್ದ ಆರೋಗ್ಯವಂತ ಶಿಶುಗಳಲ್ಲಿ ಈ ಪ್ರಮಾಣ ಶೇ. 9 ಮಾತ್ರ. ರೋಗಪೀಡಿತ ಶಿಶುಗಳ ಸಂಖ್ಯೆ ಕೇವಲ 15 ಆಗಿದ್ದುದರಿಂದ ಇದನ್ನು ಎಚ್ಚರಿಕೆಯಿಂದ ಗ್ರಹಿಸಬೇಕು. ತೈವಾನಿನ ಜನಸಮುದಾಯದ ದಾಖಲೆಗಳನ್ನು ಆಧರಿಸಿ 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಇಸ್ಕೀಮಿಕ್ ಪಾರ್ಶ್ವವಾಯುವಿಗೆ ಒಳಗಾದವರಲ್ಲಿ ಹಿಂದೆ ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದಿರುವ ಸಂಭವ ಇತರರಿಗಿಂತ ಸುಮಾರು ಒಂದೂವರೆ ಪಟ್ಟು ಇತ್ತು. ಶ್ವಾಸಕೋಶಗಳಲ್ಲಿ ಧಮನಿ ಮತ್ತು ಅಭಿಧಮನಿಗಳು ಅಸಹಜವಾಗಿ ಕೂಡಿಕೊಂಡಿರುವ ರೋಗಿಗಳನ್ನು ಕುರಿತು ಲಂಡನ್ನಿನಿಂದ 2014ರಲ್ಲಿ ಬಂದ ಅಧ್ಯಯನವು, ರಕ್ತದಲ್ಲಿ ಕಬ್ಬಿಣ ಕಡಿಮೆಯಿದ್ದವರಲ್ಲಿ ಪಾರ್ಶ್ವವಾಯುವಿನ ಅಪಾಯ ಸುಮಾರು ಇಮ್ಮಡಿಯಾಗಿತ್ತೆಂದೂ ಅವರ ಪ್ಲೇಟ್‌ಲೆಟ್‌ಗಳು ಹೆಚ್ಚು ಸುಲಭವಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವೆಂದೂ ತೋರಿಸಿತು.

ಇದರ ಇನ್ನೊಂದು ಮುಖವನ್ನೂ ಇಲ್ಲಿಯೇ ಹೇಳಬೇಕು. ಆನುವಂಶಿಕ ವ್ಯತ್ಯಾಸಗಳ ಆಧಾರದ ಮೇಲೆ 2018ರಲ್ಲಿ ನಡೆದ ವಿಶ್ಲೇಷಣೆಯಲ್ಲಿ, ದೇಹದಲ್ಲಿ ಕಬ್ಬಿಣದ ಮಟ್ಟ ಹೆಚ್ಚಾಗಿರುವುದು ಹೃದಯಮೂಲದ ಹೆಪ್ಪಿನಿಂದ ಬರುವ ಪಾರ್ಶ್ವವಾಯುವಿನ ಅಪಾಯದೊಡನೆ ಸಂಬಂಧ ಹೊಂದಿರುವುದು ಕಂಡುಬಂದಿತು. ಆದ್ದರಿಂದ ಕೊರತೆಯಿಲ್ಲದವರು ಮುಂಜಾಗ್ರತೆಯ ಹೆಸರಿನಲ್ಲಿ ಕಬ್ಬಿಣದ ಗುಳಿಗೆಗಳನ್ನು ಸೇವಿಸುವುದಕ್ಕೆ ಸಮರ್ಥನೆಯಿಲ್ಲ.

ಬಾಣಂತಿಯರಲ್ಲಿ ಮಿದುಳಿನ ಅಭಿಧಮನಿಗಳ ಅಡಚಣೆ

ಧಮನಿಗಳಲ್ಲಷ್ಟೇ ಅಲ್ಲದೆ ಮಿದುಳಿನಿಂದ ರಕ್ತವನ್ನು ಹಿಂದಕ್ಕೆ ಒಯ್ಯುವ ಅಭಿಧಮನಿಗಳಲ್ಲಿಯೂ ಹೆಪ್ಪು ಕಟ್ಟಬಹುದು. ಇದು ಇಸ್ಕೀಮಿಕ್ ಪಾರ್ಶ್ವವಾಯುವಿನ ರೂಢಿಯ ಬಗೆಯಲ್ಲವಾದರೂ ಪರಿಣಾಮದಲ್ಲಿ ಅದಕ್ಕೆ ಸಮೀಪವಾದುದು. ತೀವ್ರ ತಲೆನೋವು, ಅಪಸ್ಮಾರದ ಸೆಳೆತ, ಕೈಕಾಲುಗಳ ಬಲಹೀನತೆ ಇದರ ಲಕ್ಷಣಗಳು. ನೆದರ್ಲೆಂಡ್ಸ್‌ನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರಕ್ತಹೀನತೆಯಿರುವವರಲ್ಲಿ ಈ ರೋಗದ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚೆಂದು ಕಂಡುಬಂದಿತು.

ಭಾರತದಲ್ಲಿ ಈ ರೋಗಕ್ಕೂ ಬಾಣಂತನಕ್ಕೂ ಇರುವ ನಂಟನ್ನು ನರವೈದ್ಯರು ದಶಕಗಳಿಂದ ಗುರುತಿಸಿದ್ದಾರೆ. ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ (ನಿಮ್ಹಾನ್ಸ್) ಈ ವಿಷಯದಲ್ಲಿ ಗಣನೀಯ ಸಂಶೋಧನೆ ನಡೆಸಿದೆ. ಹೆರಿಗೆಯ ಅನಂತರದ ವಾರಗಳಲ್ಲಿ ರಕ್ತದ ಹೆಪ್ಪುಗಟ್ಟುವ ಪ್ರವೃತ್ತಿ ಸ್ವಾಭಾವಿಕವಾಗಿಯೇ ಹೆಚ್ಚಾಗಿರುತ್ತದೆ. ಹೆರಿಗೆಯ ರಕ್ತಸ್ರಾವದಿಂದ ಮೊದಲೇ ಇದ್ದ ರಕ್ತಹೀನತೆ ಉಲ್ಬಣಿಸುತ್ತದೆ. ಇವೆರಡರ ಜೊತೆಗೆ, ಬಾಣಂತಿಗೆ ನೀರು ಹೆಚ್ಚು ಕೊಡಬಾರದೆಂಬ ನಂಬಿಕೆಯು ಅನೇಕ ಮನೆಗಳಲ್ಲಿ ಉಳಿದುಬಂದಿದ್ದು, ದೇಹದ ನೀರಿನಂಶ ಕಡಿಮೆಯಾಗಿ ರಕ್ತ ಗಟ್ಟಿಯಾಗಲು ಕಾರಣವಾಗುತ್ತದೆ. ಬಾಣಂತಿಯ ತಲೆನೋವನ್ನು ಶೀತದ ಬಾಧೆಯೆಂದೂ ಸೆಳೆತವನ್ನು ಗಾಳಿಯ ಸೋಂಕೆಂದೂ ಭಾವಿಸಿ ಕಾಲಹರಣ ಮಾಡುವುದರಿಂದ ಹರೆಯದ ತಾಯಂದಿರು ಪ್ರಾಣಕ್ಕೆ ಎರವಾಗಿರುವುದುಂಟು. ಸಕಾಲದಲ್ಲಿ ಹೆಪಾರಿನ್ ಚಿಕಿತ್ಸೆ ದೊರೆತರೆ ಈ ರೋಗಿಗಳಲ್ಲಿ ಬಹುಪಾಲು ಮಂದಿ ಚೇತರಿಸಿಕೊಳ್ಳುತ್ತಾರೆ ಎಂಬುದು ಗಮನಾರ್ಹ.

ಕುಡುಗೋಲುಕಣ ರಕ್ತಹೀನತೆ

ರಕ್ತಹೀನತೆಯ ಒಂದು ಬಗೆಯು ಪಾರ್ಶ್ವವಾಯುವಿಗೆ ನೇರ ಕಾರಣವೆಂದು ಸಂಶಯಾತೀತವಾಗಿ ಸಿದ್ಧಪಟ್ಟಿರುವುದು ಕುಡುಗೋಲುಕಣ ರೋಗದಲ್ಲಿ. 1910ರಲ್ಲಿ ಅಮೆರಿಕದ ವೈದ್ಯ ಜೇಮ್ಸ್ ಹೆರಿಕ್ ಈ ರೋಗದ ಕೆಂಪುಕಣಗಳ ವಿಚಿತ್ರ ಆಕಾರವನ್ನು ವರ್ಣಿಸಿದರು. 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಅವರ ಸಹೋದ್ಯೋಗಿಗಳು ಇದಕ್ಕೆ ಹಿಮೋಗ್ಲೋಬಿನ್ ಅಣುವಿನ ದೋಷವೇ ಕಾರಣವೆಂದು ತೋರಿಸಿದರು. ಆಮ್ಲಜನಕ ಕಳೆದುಕೊಂಡಾಗ ಕುಡುಗೋಲಿನಂತೆ ಬಾಗಿ ಬಿರುಸಾಗುವ ಈ ಕಣಗಳು ರಕ್ತನಾಳಗಳ ಒಳಪದರವನ್ನು ಘಾಸಿಗೊಳಿಸುತ್ತವೆ. ಮಿದುಳಿನ ದೊಡ್ಡ ಧಮನಿಗಳು ಕ್ರಮೇಣ ಕಿರಿದಾಗುತ್ತವೆ. ಈ ರೋಗದ ತೀವ್ರ ರೂಪವಿರುವ ಅಮೆರಿಕದ ಮಕ್ಕಳಲ್ಲಿ, ತಡೆಗಟ್ಟುವ ಚಿಕಿತ್ಸೆ ಬಳಕೆಗೆ ಬರುವ ಮುನ್ನ, 20 ವರ್ಷ ತುಂಬುವುದರೊಳಗೆ ಶೇ. 11ರಷ್ಟು ಮಂದಿ ಪಾರ್ಶ್ವವಾಯುವಿಗೆ ತುತ್ತಾಗುತ್ತಿದ್ದರು.

1998ರಲ್ಲಿ ಪ್ರಕಟವಾದ ‘ಸ್ಟಾಪ್’ ಎಂಬ ಪ್ರಯೋಗವು ಈ ಚಿತ್ರವನ್ನು ಬದಲಿಸಿತು. ತಲೆಬುರುಡೆಯ ಮೂಲಕ ಶ್ರವಣಾತೀತ ತರಂಗಗಳನ್ನು ಹಾಯಿಸಿ, ಮಿದುಳಿನ ಧಮನಿಯಲ್ಲಿ ರಕ್ತದ ವೇಗ ಸೆಕೆಂಡಿಗೆ 200 ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚಾಗಿದ್ದ 130 ಮಕ್ಕಳನ್ನು ಗುರುತಿಸಲಾಯಿತು. ಅವರಲ್ಲಿ 63 ಮಕ್ಕಳಿಗೆ ನಿಯತವಾಗಿ ರಕ್ತಪೂರಣ ಮಾಡಲಾಯಿತು. ಉಳಿದ 67 ಮಕ್ಕಳಿಗೆ ಅಂದಿನ ರೂಢಿಯ ಆರೈಕೆ ದೊರೆಯಿತು. ಮೊದಲ ಗುಂಪಿನಲ್ಲಿ ಒಂದು ಪಾರ್ಶ್ವವಾಯು, ಎರಡನೆಯ ಗುಂಪಿನಲ್ಲಿ ಹನ್ನೊಂದು. ಅಪಾಯ ಶೇ. 92ರಷ್ಟು ತಗ್ಗಿದ್ದುದರಿಂದ ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಿ ಎಲ್ಲ ಮಕ್ಕಳಿಗೂ ಈ ಸೌಲಭ್ಯ ಒದಗಿಸಲಾಯಿತು. 2005ರಲ್ಲಿ ಬಂದ ಮುಂದುವರಿದ ಅಧ್ಯಯನದಲ್ಲಿ ರಕ್ತಪೂರಣವನ್ನು ನಿಲ್ಲಿಸಿದ ಮಕ್ಕಳಲ್ಲಿ ಅಪಾಯ ಮರುಕಳಿಸಿತು. ಧಮನಿಗಳು ತೀವ್ರವಾಗಿ ಹಾಳಾಗಿರದ ಮಕ್ಕಳಿಗೆ, ಕೆಲಕಾಲದ ರಕ್ತಪೂರಣದ ಅನಂತರ ಹೈಡ್ರಾಕ್ಸಿಯೂರಿಯಾ ಎಂಬ ಔಷಧವನ್ನು ಬದಲಿಯಾಗಿ ಕೊಡಬಹುದೆಂದು 2016ರ ಅಧ್ಯಯನವೊಂದು ತೋರಿಸಿತು.

ಈ ಯಶಸ್ಸಿನ ಮರ್ಮವನ್ನು ಸರಿಯಾಗಿ ತಿಳಿಯಬೇಕು. ರಕ್ತಪೂರಣದ ಗುರಿ ಹಿಮೋಗ್ಲೋಬಿನ್ನಿನ ಅಂಕಿಯನ್ನು ಏರಿಸುವುದಾಗಿರಲಿಲ್ಲ; ದೋಷಯುಕ್ತ ಹಿಮೋಗ್ಲೋಬಿನ್ನಿನ ಪಾಲನ್ನು ಶೇ. 30ಕ್ಕಿಂತ ಕೆಳಗೆ ಇಳಿಸುವುದಾಗಿತ್ತು. ಅಂದರೆ ಇಲ್ಲಿ ಚಿಕಿತ್ಸೆ ಮುಟ್ಟಿದ್ದು ರೋಗದ ಮೂಲವನ್ನು.

ಭಾರತದಲ್ಲಿ ಕುಡುಗೋಲುಕಣದ ಲಕ್ಷಣವನ್ನು 1952ರಲ್ಲಿ ಲೇಮನ್ ಮತ್ತು ಕಟ್‌ಬುಶ್ ಅವರು ಮೊದಲಬಾರಿಗೆ ವರದಿ ಮಾಡಿದ್ದು ನಮ್ಮ ನಾಡಿನ ಗಡಿಗೆ ಹೊಂದಿಕೊಂಡಿರುವ ನೀಲಗಿರಿಯ ಸಮುದಾಯಗಳಲ್ಲಿ. ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಬುಡಕಟ್ಟು ಜನರಲ್ಲಿಯೂ ಇದು ಕಂಡುಬರುತ್ತದೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭಗೊಂಡ ರಾಷ್ಟ್ರೀಯ ಕುಡುಗೋಲುಕಣ ರಕ್ತಹೀನತೆ ನಿರ್ಮೂಲನಾ ಅಭಿಯಾನದ 17 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಭಾರತದಲ್ಲಿ ಹೆಚ್ಚಾಗಿ ಕಾಣುವ ಬಗೆಯಲ್ಲಿ ಭ್ರೂಣಾವಸ್ಥೆಯ ಹಿಮೋಗ್ಲೋಬಿನ್ ಅಧಿಕವಾಗಿ ಉಳಿಯುವುದರಿಂದ ರೋಗ ಆಫ್ರಿಕಾ ಮೂಲದವರಲ್ಲಿರುವಷ್ಟು ತೀವ್ರವಾಗಿರುವುದಿಲ್ಲವಾದರೂ ಪಾರ್ಶ್ವವಾಯುವಿನ ಅಪಾಯ ಇಲ್ಲವೆಂದು ಅರ್ಥವಲ್ಲ.

ಜೀವಸತ್ತ್ವಗಳ ಕೊರತೆ

ಬಿ12 ಜೀವಸತ್ತ್ವ ಹಾಗೂ ಫೋಲಿಕ್ ಆಮ್ಲದ ಕೊರತೆಯಲ್ಲಿ ರಕ್ತಹೀನತೆಯ ಜೊತೆಗೆ ಹೋಮೋಸಿಸ್ಟೀನ್ ಎಂಬ ಅಮೈನೋ ಆಮ್ಲದ ಮಟ್ಟ ರಕ್ತದಲ್ಲಿ ಏರುತ್ತದೆ. ಇದು ರಕ್ತನಾಳಗಳ ಒಳಪದರಕ್ಕೆ ಹಾನಿಕರ. ಚೀನಾದಲ್ಲಿ 20,702 ಮಂದಿ ಏರೊತ್ತಡದ ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒತ್ತಡ ತಗ್ಗಿಸುವ ಎನಾಲಪ್ರಿಲ್ ಔಷಧದ ಜೊತೆ ಫೋಲಿಕ್ ಆಮ್ಲವನ್ನೂ ಪಡೆದವರಲ್ಲಿ ಮೊದಲ ಪಾರ್ಶ್ವವಾಯುವಿನ ಅಪಾಯ ಶೇ. 21ರಷ್ಟು ಕಡಿಮೆಯಾಯಿತು. ಇಲ್ಲಿಯೂ ಲಾಭಕ್ಕೆ ಕಾರಣ ಕೊರತೆಯ ನಿವಾರಣೆಯೇ ಹೊರತು ಹಿಮೋಗ್ಲೋಬಿನ್ನಿನ ಏರಿಕೆಯಲ್ಲ. ಬಿ12 ಜೀವಸತ್ತ್ವ ಪ್ರಾಣಿಮೂಲದ ಆಹಾರದಲ್ಲಿ ಮಾತ್ರ ಸಾಕಷ್ಟು ದೊರೆಯುವುದರಿಂದ ಸಸ್ಯಾಹಾರಿಗಳಲ್ಲಿ, ಅದರಲ್ಲಿಯೂ ಹಾಲು ಮೊಸರುಗಳ ಬಳಕೆ ಕಡಿಮೆಯಿರುವವರಲ್ಲಿ, ಈ ಕೊರತೆಯ ಕಡೆಗೆ ಲಕ್ಷ್ಯವಿರಬೇಕು.

ಪಾರ್ಶ್ವವಾಯುವಿನ ಅನಂತರದ ಗತಿ

ಪಾರ್ಶ್ವವಾಯುವಿನಿಂದ ಆಸ್ಪತ್ರೆಗೆ ದಾಖಲಾಗುವವರಲ್ಲಿ ರಕ್ತಹೀನತೆ ಅಪರೂಪವಲ್ಲ. ಬ್ರಿಟನ್ನಿನ ಎಂಟು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ದಾಖಲಾತಿಯ ವೇಳೆಗೇ ರಕ್ತಹೀನತೆಯಿತ್ತು. ಅದೇ ಲೇಖಕರು ಇತರ ಅಧ್ಯಯನಗಳನ್ನೂ ಸೇರಿಸಿ, ಒಟ್ಟು ಸುಮಾರು 30 ಸಾವಿರ ರೋಗಿಗಳ ಮಾಹಿತಿಯನ್ನು ವಿಶ್ಲೇಷಿಸಿದಾಗ, ಇಸ್ಕೀಮಿಕ್ ಪಾರ್ಶ್ವವಾಯುವಿನ ಅನಂತರ ಸಾವಿನ ಸಂಭವ ರಕ್ತಹೀನತೆಯಿದ್ದವರಲ್ಲಿ ಬಹುತೇಕ ಇಮ್ಮಡಿಯಾಗಿತ್ತು.

ಆದರೆ ಈ ಅಂಕಿಯನ್ನು ನೇರ ಕಾರಣವೆಂದು ಓದಲಾಗದು. ರಕ್ತಹೀನತೆಯುಳ್ಳ ರೋಗಿಗಳು ಸಾಮಾನ್ಯವಾಗಿ ಹೆಚ್ಚು ವಯಸ್ಸಾದವರು. ಅವರಲ್ಲಿ ಮೂತ್ರಪಿಂಡದ ರೋಗ, ಹೃದಯವೈಫಲ್ಯ, ಅರ್ಬುದ ಮೊದಲಾದವು ಹೆಚ್ಚು. ಸಂಖ್ಯಾಶಾಸ್ತ್ರದ ವಿಧಾನಗಳಿಂದ ಇವನ್ನು ಎಷ್ಟೇ ಕಳೆದರೂ ಪೂರ್ತಿ ಬೇರ್ಪಡಿಸುವುದು ಕಷ್ಟ. ಹಿಮೋಗ್ಲೋಬಿನ್ ಅತಿಯಾಗಿರುವುದೂ ಕ್ಷೇಮಕರವಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನವು 1972ರಲ್ಲಿಯೇ, ಹಿಮೋಗ್ಲೋಬಿನ್ ಮಟ್ಟ ಎತ್ತರದಲ್ಲಿರುವವರಿಗೆ ಇಸ್ಕೀಮಿಕ್ ಪಾರ್ಶ್ವವಾಯುವಿನ ಅಪಾಯ ಅಧಿಕವೆಂದು ತೋರಿಸಿತ್ತು. ಅದರ ಒಂದು ಭಾಗಕ್ಕೆ ಜೊತೆಗಿದ್ದ ಏರೊತ್ತಡ ಕಾರಣವಾಗಿತ್ತು. ಕೆಂಪುಕಣಗಳು ಮಿತಿಮೀರಿ ವೃದ್ಧಿಸುವ ಪಾಲಿಸೈಥೀಮಿಯಾ ರೋಗದಲ್ಲಿ ಪಾರ್ಶ್ವವಾಯು ಸುಪರಿಚಿತ ತೊಡಕು. ಹೀಗೆ ಅಪಾಯದ ರೇಖೆ ಎರಡೂ ತುದಿಗಳಲ್ಲಿ ಮೇಲೇರುತ್ತದೆ.

ಚಿಕಿತ್ಸಾ ಪ್ರಯೋಗಗಳು ಕಲಿಸಿದ ಪಾಠ

ಒಂದು ಅಂಕಿಯನ್ನು ಕೃತಕವಾಗಿ ಸರಿಪಡಿಸುವುದರಿಂದ ರೋಗ ಸರಿಹೋಗುತ್ತದೆಯೇ ಎಂಬುದನ್ನು ಪ್ರಯೋಗಗಳೇ ನಿರ್ಣಯಿಸಬೇಕು. 1980ರ ದಶಕದಲ್ಲಿ ರಕ್ತವನ್ನು ತೆಳುಗೊಳಿಸಿದರೆ ಅದು ಮಿದುಳಿನ ಅಡಚಣೆಗಳ ಸುತ್ತ ಸುಲಭವಾಗಿ ಹರಿಯಬಹುದೆಂಬ ಆಲೋಚನೆ ಪ್ರಬಲವಾಗಿತ್ತು. ಅದರಂತೆ ಪಾರ್ಶ್ವವಾಯುವಿನ ರೋಗಿಗಳಿಂದ ರಕ್ತ ತೆಗೆದು ಬದಲಿ ದ್ರವಗಳನ್ನು ನೀಡಲಾಯಿತು. ಸ್ಕ್ಯಾಂಡಿನೇವಿಯಾದಲ್ಲಿ 1987ರಲ್ಲಿ, ಇಟಲಿಯಲ್ಲಿ 1988ರಲ್ಲಿ ಪ್ರಕಟವಾದ ಪ್ರಯೋಗಗಳು ಇದರಿಂದ ಪ್ರಯೋಜನವಿಲ್ಲವೆಂದು ತೋರಿಸಿದವು.

ವಿರುದ್ಧ ದಿಕ್ಕಿನ ಪ್ರಯತ್ನದ ಫಲ ಇನ್ನೂ ಬೋಧಪ್ರದವಾದುದು. ಅಮೆರಿಕದ ನಾಲ್ಕು ಸಮುದಾಯಗಳಲ್ಲಿ ನಡೆದ ‘ಆರಿಕ್’ ಅಧ್ಯಯನದ 2003ರ ವರದಿಯಲ್ಲಿ, ಮೂತ್ರಪಿಂಡದ ರೋಗ ಮಾತ್ರ ಇದ್ದವರಲ್ಲಿ ಪಾರ್ಶ್ವವಾಯುವಿನ ಅಪಾಯ 1.4 ಪಟ್ಟು ಇದ್ದರೆ ಜೊತೆಗೆ ರಕ್ತಹೀನತೆಯೂ ಇದ್ದವರಲ್ಲಿ 5 ಪಟ್ಟನ್ನು ಮೀರಿತ್ತು. ಇಂಥ ರೋಗಿಗಳಲ್ಲಿ ಹಿಮೋಗ್ಲೋಬಿನ್ ಏರಿಸಿದರೆ ಪಾರ್ಶ್ವವಾಯು ತಗ್ಗಬೇಕೆಂಬ ನಿರೀಕ್ಷೆ ಇದರಿಂದ ಸಹಜವಾಗಿಯೇ ಮೂಡಿತು. ಸಕ್ಕರೆ ಕಾಯಿಲೆ, ಮೂತ್ರಪಿಂಡದ ರೋಗ, ರಕ್ತಹೀನತೆ ಮೂರೂ ಇದ್ದ 4,038 ರೋಗಿಗಳನ್ನು ಒಳಗೊಂಡ ‘ಟ್ರೀಟ್’ ಪ್ರಯೋಗದ ಫಲಿತಾಂಶ 2009ರಲ್ಲಿ ಹೊರಬಂದಿತು. ಕೆಂಪುಕಣಗಳ ಉತ್ಪಾದನೆಯನ್ನು ಪ್ರಚೋದಿಸುವ ಡಾರ್ಬೆಪೊಯೆಟಿನ್ ಔಷಧವನ್ನು ನೀಡಿ ಹಿಮೋಗ್ಲೋಬಿನ್ನನ್ನು 13 ಗ್ರಾಂನತ್ತ ಒಯ್ದ ಗುಂಪಿನಲ್ಲಿ 101 ಮಂದಿಗೆ ಪಾರ್ಶ್ವವಾಯು ಬಂದರೆ ಹುಸಿಮದ್ದು ಪಡೆದ ಗುಂಪಿನಲ್ಲಿ 53 ಮಂದಿಗೆ ಮಾತ್ರ ಬಂದಿತ್ತು. ರಕ್ತಹೀನತೆ ತಗ್ಗಿತು, ಪಾರ್ಶ್ವವಾಯು ಇಮ್ಮಡಿಯಾಯಿತು. ಇದಾದ ಮೇಲೆ ಮೂತ್ರಪಿಂಡದ ರೋಗಿಗಳಲ್ಲಿ ಹಿಮೋಗ್ಲೋಬಿನ್ನನ್ನು ಸಹಜ ಮಟ್ಟಕ್ಕೆ ಏರಿಸುವ ಗುರಿಯನ್ನು ವೈದ್ಯಲೋಕ ಕೈಬಿಟ್ಟಿತು.

ರಕ್ತಪೂರಣದ ವಿಷಯದಲ್ಲಿಯೂ ಸಂಯಮ ಅಗತ್ಯ. ಸ್ಥಿರ ಸ್ಥಿತಿಯಲ್ಲಿರುವ ಬಹುತೇಕ ರೋಗಿಗಳಿಗೆ ಹಿಮೋಗ್ಲೋಬಿನ್ 7 ಗ್ರಾಂಗಿಂತ ಕೆಳಗಿಳಿದಾಗ ಮಾತ್ರ ರಕ್ತ ಕೊಡುವುದು ಇಂದಿನ ಪದ್ಧತಿ. 2024ರಲ್ಲಿ ಪ್ರಕಟವಾದ ‘ಟ್ರೇನ್’ ಎಂಬ ಪ್ರಯೋಗವು, ಮಿದುಳಿಗೆ ತೀವ್ರ ಪೆಟ್ಟು ಅಥವಾ ರಕ್ತಸ್ರಾವವಾದವರಲ್ಲಿ 9 ಗ್ರಾಂ ಮಿತಿಯನ್ನು ಅನುಸರಿಸುವುದು 7 ಗ್ರಾಂ ಮಿತಿಗಿಂತ ಉತ್ತಮವೆಂದು ಸೂಚಿಸಿತಾದರೂ ಅದರಲ್ಲಿ ಇಸ್ಕೀಮಿಕ್ ಪಾರ್ಶ್ವವಾಯುವಿನ ರೋಗಿಗಳು ಸೇರಿರಲಿಲ್ಲ. ಆದ್ದರಿಂದ ಆ ತೀರ್ಮಾನವನ್ನು ಇವರಿಗೆ ಹಾಗೆಯೇ ಅನ್ವಯಿಸಲಾಗದು.

ವೈದ್ಯಕೀಯ ಆಚರಣೆಯಲ್ಲಿ

ಮೇಲಿನ ವಿವೇಚನೆಯಿಂದ ಕೆಲವು ವ್ಯಾವಹಾರಿಕ ಸೂಚನೆಗಳು ದೊರೆಯುತ್ತವೆ. ಪಾರ್ಶ್ವವಾಯುವಿನ ರೋಗಿಯಲ್ಲಿ ರಕ್ತಹೀನತೆ ಕಂಡುಬಂದಾಗ ಅದನ್ನು ವಯೋಸಹಜವೆಂದು ಬದಿಗಿಡದೆ ಅದರ ಮೂಲವನ್ನು ಅರಸಬೇಕು. ಹಿರಿಯರಲ್ಲಿ ಕಬ್ಬಿಣದ ಕೊರತೆಯೆಂದರೆ ಜಠರ ಅಥವಾ ಕರುಳಿನಿಂದ ರಕ್ತ ಸೋರುತ್ತಿರಬಹುದು. ಅದರ ಹಿಂದೆ ಹುಣ್ಣೋ ಅರ್ಬುದವೋ ಇರಬಹುದು. ಮತ್ತೊಮ್ಮೆ ಪಾರ್ಶ್ವವಾಯು ಬಾರದಂತೆ ಕೊಡುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಹಾಗೂ ಹೆಪ್ಪುನಿರೋಧಕ ಔಷಧಗಳು ಈ ಸೋರಿಕೆಯನ್ನು ಹೆಚ್ಚಿಸಬಲ್ಲವು. ಹಿಂದೆ ಹೃದ್ರೋಗ ಅಥವಾ ಪಾರ್ಶ್ವವಾಯು ಇಲ್ಲದ 19,114 ಮಂದಿ ಹಿರಿಯರನ್ನು ಒಳಗೊಂಡ ‘ಆಸ್ಪ್ರೀ’ ಪ್ರಯೋಗದ 2023ರ ವಿಶ್ಲೇಷಣೆಯಲ್ಲಿ, ದಿನವೂ 100 ಮಿಲಿಗ್ರಾಂ ಆಸ್ಪಿರಿನ್ ಸೇವಿಸಿದವರಲ್ಲಿ ರಕ್ತಹೀನತೆಯ ಸಂಭವ ಶೇ. 20ರಷ್ಟು ಅಧಿಕವಾಗಿತ್ತು. ಒಮ್ಮೆ ಪಾರ್ಶ್ವವಾಯು ಬಂದವರಿಗೆ ಈ ಔಷಧಗಳ ಲಾಭ ಸ್ಥಾಪಿತವಾದುದರಿಂದ ಅವರು ಅವನ್ನು ತಾವಾಗಿ ನಿಲ್ಲಿಸಬಾರದು. ಕಾಲಕಾಲಕ್ಕೆ ಹಿಮೋಗ್ಲೋಬಿನ್ ಪರೀಕ್ಷಿಸಿಕೊಳ್ಳುವುದು ಯುಕ್ತ.

ಹಾಗೆಯೇ ರಕ್ತಹೀನತೆಯಿರುವ ವ್ಯಕ್ತಿಯಲ್ಲಿ ಮುಖದ ಒಂದು ಬದಿ ಸೊಟ್ಟಗಾಗುವುದು, ಕೈಯ ಬಲ ಕುಂದುವುದು, ಮಾತು ತೊದಲುವುದು ಇವುಗಳಲ್ಲಿ ಯಾವುದೇ ಒಂದು ಹಠಾತ್ತನೆ ಕಾಣಿಸಿಕೊಂಡರೆ ಅದನ್ನು ನಿಶ್ಶಕ್ತಿಯೆಂದು ತಿಳಿದು ವಿಶ್ರಾಂತಿಗೆ ಬಿಡಬಾರದು. ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ. ನಿಶ್ಶಕ್ತಿ ಎಂಬ ಒಂದೇ ಮಾತು ರಕ್ತಹೀನತೆಗೂ ಪಾರ್ಶ್ವವಾಯುವಿಗೂ ಬಳಕೆಯಾಗುವುದರಿಂದ ಅಮೂಲ್ಯವಾದ ವೇಳೆ ವ್ಯರ್ಥವಾಗುವ ಸಂಭವವಿದೆ.

ಸಾರ್ವಜನಿಕ ಆರೋಗ್ಯದ ದೃಷ್ಟಿಯಿಂದ 2018ರಲ್ಲಿ ಆರಂಭವಾದ ‘ರಕ್ತಹೀನತೆ ಮುಕ್ತ ಭಾರತ’ ಕಾರ್ಯಕ್ರಮ ಮಕ್ಕಳು, ಹದಿಹರೆಯದವರು, ಗರ್ಭಿಣಿಯರು ಹಾಗೂ ಹಾಲೂಡಿಸುವ ತಾಯಂದಿರನ್ನು ಕೇಂದ್ರವಾಗಿರಿಸಿಕೊಂಡಿದೆ. ಪಾರ್ಶ್ವವಾಯುವಿನ ಅಪಾಯ ಹೆಚ್ಚಾಗುವ ಅರುವತ್ತರ ಆಚೆಗಿನ ವಯಸ್ಸಿನವರು ಈ ಗುಂಪುಗಳಲ್ಲಿ ಇಲ್ಲ. ಅವರಲ್ಲಿ ರಕ್ತಹೀನತೆಯ ಕಾರಣಗಳೂ ಬೇರೆಯಾದುದರಿಂದ ಗುಳಿಗೆಗಳ ಹಂಚಿಕೆಗಿಂತ ಕಾರಣವನ್ನು ಪತ್ತೆಹಚ್ಚುವ ವ್ಯವಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮಟ್ಟದಲ್ಲಿ ರೂಪುಗೊಳ್ಳಬೇಕಾಗಿದೆ.

ಉಪಸಂಹಾರ

ರಕ್ತಹೀನತೆಗೂ ಇಸ್ಕೀಮಿಕ್ ಪಾರ್ಶ್ವವಾಯುವಿಗೂ ಸಂಬಂಧವಿದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ರಕ್ತಹೀನತೆಯ ಕಾರಣಗಳು ಹಲವಾಗಿರುವಂತೆ ಈ ಸಂಬಂಧಗಳೂ ಹಲವು. ಕುಡುಗೋಲುಕಣ ರೋಗದಲ್ಲಿ ಅದು ನೇರ ಕಾರಣ. ಕಬ್ಬಿಣದ ಕೊರತೆಯಲ್ಲಿ ಅದು ಹೆಪ್ಪುಗಟ್ಟುವಿಕೆಗೆ ಪೋಷಕ. ಕಿರಿದಾದ ಧಮನಿಗಳುಳ್ಳವರಲ್ಲಿ ಅದು ಕೊರತೆಯನ್ನು ಉಲ್ಬಣಿಸುವ ಸಹಕಾರಿ. ಮೂತ್ರಪಿಂಡದ ರೋಗದಲ್ಲಿ ಹಾಗೂ ವೃದ್ಧಾಪ್ಯದ ಹಲವು ವ್ಯಾಧಿಗಳಲ್ಲಿ ಅದು ಬಹುಮಟ್ಟಿಗೆ ಒಳಗಿನ ಕೆಡುಕಿನ ಸೂಚಕ. ಮೂಲದೋಷವನ್ನು ಸರಿಪಡಿಸಿದ ಕಡೆ ರೋಗಿಗೆ ಲಾಭವಾಗಿದೆ. ಅಂಕಿಯನ್ನು ಮಾತ್ರ ಏರಿಸಹೊರಟ ಕಡೆ ಹಾನಿಯಾಗಿದೆ. ಆದುದರಿಂದ ಹಿಮೋಗ್ಲೋಬಿನ್ ಎಷ್ಟಿದೆ ಎಂಬ ಪ್ರಶ್ನೆಯೊಡನೆ ಅದು ಏಕೆ ಕಡಿಮೆಯಾಗಿದೆ ಎಂಬ ಪ್ರಶ್ನೆಯನ್ನೂ ಪ್ರತಿ ರೋಗಿಯ ವಿಷಯದಲ್ಲಿ ಕೇಳುವುದು ಅವಶ್ಯ. ರಕ್ತಹೀನತೆ ಮನೆಮನೆಯಲ್ಲಿರುವ ನಮ್ಮಂಥ ದೇಶದಲ್ಲಿ ಈ ದಿಕ್ಕಿನ ಸಂಶೋಧನೆಗೆ ವಿಪುಲ ಅವಕಾಶವಿದ್ದು, ರಕ್ತವಿಜ್ಞಾನ ಮತ್ತು ನರವಿಜ್ಞಾನಗಳ ವಿದ್ವಾಂಸರು ಒಟ್ಟಾಗಿ ಇದರಲ್ಲಿ ತೊಡಗಬೇಕಾಗಿದೆ.